ಅಸಲಿ ಜೋಡಿ, ನಕಲಿ ಜೋಡಿ

ಫಾರಂ ಕೋಳಿ ಬರುವವರೆಗೆ ನಮಗೆ ಕೋಳಿ ಎಂದರೆ ಸಾಕಿತ್ತು. ಬಂದ ಮೇಲೆ 'ನಾಟಿ ಕೋಳಿ' ಎನ್ನಬೇಕಾಯಿತು. ಅಮೆರಿಕದ ಕಾರುಪ್ರಿಯರು ಬಳಸುವ 'ಟ್ರೂ ಡ್ಯುಯಲ್' ಎಂಬ ಮಾತೂ ಅದೇ ಜಾತಿಯದು. ಜೋಡಿ ಎಕ್ಸಾಸ್ಟ್ ಕೊಳವೆಗೆ 'ಅಸಲಿ' ಎಂಬ ವಿಶೇಷಣ ಬೇಕಾಗಿದೆ ಎಂದರೆ ನಕಲಿಯೂ ಚಲಾವಣೆಯಲ್ಲಿದೆ ಎಂದೇ ಅರ್ಥ.

1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟಕುವ ಬೆಲೆಗೆ ವಿ-8 ಎಂಜಿನ್ ತಂದಿತು. ಎರಡು ಸಾಲು, ಸಾಲಿಗೆ ನಾಲ್ಕು ಸಿಲಿಂಡರ್. ಎರಡೂ ಸಾಲಿನ ಹೊಗೆ ಒಂದೇ ಸೈಲೆನ್ಸರಿನ ಮೂಲಕ ಹೊರಬೀಳುತ್ತಿತ್ತು. ಖರ್ಚಿನ ಲೆಕ್ಕಕ್ಕೆ ಇದು ಸರಿಯೇ. ಆದರೆ ಎಂಜಿನ್ನಿನ ವೇಗ ಏರಿದಂತೆ ಹೊಗೆಗೆ ದಾರಿ ಸಾಲದೆ, ಅದನ್ನು ಹೊರದಬ್ಬುವುದಕ್ಕೇ ಪಿಸ್ಟನ್ನಿನ ಶಕ್ತಿಯಲ್ಲಿ ಒಂದು ಪಾಲು ಹೋಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ಹಳೆಯ ಫೋರ್ಡ್‌ಗಳನ್ನು ಓಡಿಸುತ್ತಿದ್ದ ಹುಡುಗರು ಸಾಲಿಗೊಂದು ಕೊಳವೆ ಕೂಡಿಸಿದರು. 1950ರ ದಶಕದಲ್ಲಿ ಕಾರ್ಖಾನೆಗಳೂ ಅದನ್ನೇ ಮಾಡತೊಡಗಿದವು. 1953ರ ಮೊದಲ ಕಾರ್ವೆಟ್‌ಗೆ ಇದ್ದದ್ದು ಆರೇ ಸಿಲಿಂಡರ್, ಆದರೂ ಎರಡು ಕೊಳವೆ.

ಇಲ್ಲೊಂದು ಸ್ವಾರಸ್ಯವಿದೆ. ಒಂದೇ ಸಾಲಿನ ಆರು ಸಿಲಿಂಡರುಗಳನ್ನು ಮುಂದಿನ ಮೂರು, ಹಿಂದಿನ ಮೂರು ಎಂದು ಪಾಲು ಮಾಡಿದರೆ ಪ್ರತಿ ಕೊಳವೆಗೂ ಹೊಗೆ ಸಮಾನ ಅಂತರದಲ್ಲಿ ಬರುತ್ತದೆ. ಅಮೆರಿಕದ ಸಾಮಾನ್ಯ ವಿ-8ನಲ್ಲಿ ಹಾಗಲ್ಲ. ಷೆವರ್ಲೆಯ ಹಳೆಯ ವಿ-8ನಲ್ಲಿ ಸಿಲಿಂಡರುಗಳು ಉರಿಯುವ ಸರದಿ 1-8-4-3-6-5-7-2. ಬೆಸ ಸಂಖ್ಯೆಗಳೆಲ್ಲ ಒಂದು ಸಾಲು. 5 ಮತ್ತು 7 ಒಂದರ ಬೆನ್ನಿಗೊಂದು ಉರಿಯುವುದರಿಂದ ಒಂದೇ ಕೊಳವೆಯಲ್ಲಿ ನೂಕುನುಗ್ಗಲು. ಆ ಗುಡುಗುಡು ಸದ್ದು ಹುಟ್ಟುವುದು ಈ ಏರುಪೇರಿನಿಂದಲೇ. ಹಾಗಾಗಿ ಬಲ್ಲವರು ಎರಡು ಕೊಳವೆಗಳ ನಡುವೆ ಸೇತುವೆಯಂತೆ ಅಡ್ಡಕೊಳವೆ ಬೆಸೆಯುತ್ತಾರೆ, ಇಲ್ಲವೇ ಎರಡನ್ನೂ ಕತ್ತರಿಯಾಕಾರದಲ್ಲಿ ಕೂಡಿಸಿ ಬೇರ್ಪಡಿಸುತ್ತಾರೆ. ಕೊಳವೆ ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಸುಳ್ಳು. ಅತಿ ದಪ್ಪವಾದರೆ ಹೊಗೆಯ ಓಟ ನಿಧಾನವಾಗುತ್ತದೆ. ಮುಂದೆ ಹೋದ ಹೊಗೆ ಹಿಂದಿನದನ್ನು ಎಳೆದುಕೊಳ್ಳುವ ಲಾಭ ಕೈತಪ್ಪುತ್ತದೆ.

1975ರಲ್ಲಿ ಕಥೆ ತಿರುಗಿತು. ವಾಯುಮಾಲಿನ್ಯ ಕಾನೂನಿನ ಒತ್ತಡದಿಂದ ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದರೊಳಗಿನದು ಪ್ಲಾಟಿನಂನಂಥ ದುಬಾರಿ ಲೋಹ. ಆ ವರ್ಷದ ಕಾರ್ವೆಟ್‌ನಲ್ಲಿ ಎರಡು ಸಾಲಿನ ಹೊಗೆಯೂ ಒಂದೇ ಕನ್ವರ್ಟರಿಗೆ ಬಂದು, ಆಮೇಲೆ ಮತ್ತೆ ಕವಲೊಡೆದು ಎರಡು ಸೈಲೆನ್ಸರುಗಳಿಗೆ ಹೋಗುತ್ತಿತ್ತು. ಹಿಂದಿನಿಂದ ನೋಡಿದವರಿಗೆ ಜೋಡಿ. ಎಂಜಿನ್ನಿನ ಪಾಲಿಗೆ ಒಂಟಿ. ಕೆಲಸಕ್ಕಾಗಿ ಹುಟ್ಟಿದ ವಸ್ತು ಗುರುತಾಗಿ ಉಳಿಯಿತು.

ಹಾಗೆಂದು ಆ ಕನ್ವರ್ಟರನ್ನು ಹಳಿಯಲಾಗದು. ಅದಕ್ಕೆ ಸೀಸ ಬೆರೆತ ಪೆಟ್ರೋಲ್ ವಿಷ. ಆದ್ದರಿಂದ ಸೀಸವಿಲ್ಲದ ಪೆಟ್ರೋಲ್ ಬಂಕ್‌ಗಳಿಗೆ ಬರಲೇಬೇಕಾಯಿತು. ಕಾರು ಕಳೆದುಕೊಂಡದ್ದಕ್ಕಿಂತ ಮಕ್ಕಳ ಉಸಿರಿಗೆ ದಕ್ಕಿದ್ದೇ ಹೆಚ್ಚು.

ಇಂದು ಪುಣೆಯಲ್ಲೋ ಹೈದರಾಬಾದಿನಲ್ಲೋ ಮುಂದಿನ ಕಾರಿನ ಬಂಪರಿನಲ್ಲಿ ಹೊಳೆಯುವ ಎರಡು ಬಾಯಿ ಕಂಡರೆ, ಅವು ಎಲ್ಲಿಂದ ಹೊರಟಿವೆ ಎಂದು ಕೇಳಿಕೊಳ್ಳಿ. ಉತ್ತರ ಸಿಗುವುದು ಬಂಪರಿನಲ್ಲಲ್ಲ, ಕಾರಿನ ಹೊಟ್ಟೆಯಡಿಯಲ್ಲಿ.