ದುರಸ್ತಿಗೆ ಬಂದು ಊರಿನವರಾದ ಗುರು



ಜುಲೈ 25ರಂದು ನಾವು ಪ್ರೇಷಿತ ಸಂತ ಯಕೋಬರ ಹಬ್ಬವನ್ನು ಆಚರಿಸುತ್ತೇವೆ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ, ಅತಿತ್ಲಾನ್ ಸರೋವರದ ದಡದಲ್ಲಿರುವ ಒಂದು ಊರಿಗೆ ಅಂದು ಊರಹಬ್ಬ. ಅದರ ಹೆಸರು ಸಾಂತಿಯಾಗೊ ಅತಿತ್ಲಾನ್. ಸಾಂತಿಯಾಗೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸಂತ ಯಕೋಬ. 1981ರಲ್ಲಿ ಈ ಹಬ್ಬ ಮುಗಿದ ಮೂರೇ ದಿನಕ್ಕೆ ಅಲ್ಲಿನ ಧರ್ಮಕೇಂದ್ರದ ಗುರುಗಳನ್ನು ಕೊಲ್ಲಲಾಯಿತು. ಬಡವರ ಊರಿಗೆ ಸೇವೆಗೆಂದು ಹೋಗುವುದರ ಅರ್ಥವೇನು ಎಂಬುದನ್ನು ಅವರ ಬದುಕಿನಿಂದ ನಾವು ಕಲಿಯಬಹುದು.

ಲ್ಯಾಟಿನ್ ಅಮೆರಿಕದ ನೆರವಿಗೆ ಬನ್ನಿ ಎಂದು ಪೋಪ್ 23ನೇ ಯೊವಾನ್ನರು ಉತ್ತರ ಅಮೆರಿಕದ ಧರ್ಮಸಭೆಗೆ ಕರೆಕೊಟ್ಟಿದ್ದರು. ಅದಕ್ಕೆ ಓಗೊಟ್ಟ ಒಕ್ಲಹೋಮ ಧರ್ಮಪ್ರಾಂತ್ಯವು 1964ರಲ್ಲಿ ಗುರುಗಳು, ಕನ್ಯಾಸ್ತ್ರೀಯರು ಮತ್ತು ಶ್ರೀಸಾಮಾನ್ಯರ ತಂಡವೊಂದನ್ನು ಈ ಊರಿಗೆ ಕಳುಹಿಸಿತು. ಇಲ್ಲಿನವರು ಮಾಯಾ ಮೂಲದ ಟ್ಸುತುಹಿಲ್ ಜನ. ಮುಸುಕಿನ ಜೋಳ ಬೆಳೆದು ಬದುಕುವ ಬಡ ರೈತರು.

1968ರಲ್ಲಿ ಈ ತಂಡವನ್ನು ಸೇರಿದವರು ಫಾದರ್ ಸ್ಟ್ಯಾನ್ಲಿ ರೋಥರ್. ಒಕ್ಲಹೋಮದ ರೈತನ ಮಗ. ಗುರುಮಠದಲ್ಲಿ ಕೆಟ್ಟದ್ದನ್ನು ಸರಿಪಡಿಸಲು ಸದಾ ಮುಂದು, ಲ್ಯಾಟಿನ್ ಪಾಠದಲ್ಲಿ ಮಾತ್ರ ಹಿಂದು. ಅದೇ ಕಾರಣಕ್ಕೆ ಒಂದು ಗುರುಮಠ ಅವರನ್ನು ಮನೆಗೆ ಕಳುಹಿಸಿತ್ತು. ಮತ್ತೊಂದು ಗುರುಮಠದಲ್ಲಿ ಓದಿ 1963ರಲ್ಲಿ ಅವರು ಗುರುದೀಕ್ಷೆ ಪಡೆದರು. ಅತಿತ್ಲಾನಿನಲ್ಲಿ ಆ ಒರಟು ಕೈಗಳಿಗೆ ಬಿಡುವಿರಲಿಲ್ಲ. ಕೆಟ್ಟು ನಿಂತ ಟ್ರಕ್ಕುಗಳನ್ನು ರಿಪೇರಿ ಮಾಡಿದರು. ಬುಲ್ಡೋಜರ್ ಓಡಿಸಿ ಹೊಲ ಹಸನುಮಾಡಿದರು. ಲ್ಯಾಟಿನ್ ಒಲಿಯದ ಅವರಿಗೆ ಟ್ಸುತುಹಿಲ್ ಭಾಷೆ ಒಲಿಯಿತು. ಆ ಭಾಷೆಯಲ್ಲಿ ಬಲಿಪೂಜೆ ಅರ್ಪಿಸಿದರು. ಹೊಸ ಒಡಂಬಡಿಕೆಯ ಅನುವಾದಕ್ಕೂ ದುಡಿದರು. ಜನ ಅವರನ್ನು ಫ್ರಾನ್ಸಿಸ್ ಎಂಬ ಅವರ ನಡುಹೆಸರಿನ ತಮ್ಮದೇ ರೂಪದಲ್ಲಿ ‘ಪಾದ್ರೆ ಅಪ್ಲಾಸ್’ ಎಂದು ಕರೆದರು.

1976ರ ಫೆಬ್ರವರಿ 4ರ ಭೂಕಂಪದಲ್ಲಿ ಗ್ವಾಟೆಮಾಲದಲ್ಲಿ ಸುಮಾರು 23 ಸಾವಿರ ಜನ ಸತ್ತರು. ಸಂತ ಯಕೋಬರ ಹಳೆಯ ದೇವಾಲಯದಲ್ಲಿ ಬಲಿಪೀಠದ ಹಿಂದಿದ್ದ ಎತ್ತರದ ಮರದ ಕೆತ್ತನೆಯೂ ಭೂಕಂಪಗಳಿಂದ ಹಾಳಾಗಿತ್ತು. ಫಾದರ್ ರೋಥರ್ ಅದರ ದುರಸ್ತಿಯನ್ನು ಊರಿನವರೇ ಆದ ದಿಯೆಗೊ ಚಾವೆಸ್ ಮತ್ತು ನಿಕೊಲಾಸ್ ಚಾವೆಸ್ ಎಂಬ ಸಹೋದರರಿಗೆ ಒಪ್ಪಿಸಿದರು. ಅವರು ಹಳೆಯದನ್ನು ಜೋಡಿಸುತ್ತಲೇ ತಮ್ಮ ಜನರ ಆಚರಣೆಗಳನ್ನೂ ಅದರಲ್ಲಿ ಕೆತ್ತಿದರು. ದುರಸ್ತಿ ಮುಗಿಯುವ ಹೊತ್ತಿಗೆ ಬಲಿಪೀಠ ಊರಿನ ಮುಖವನ್ನೇ ಪಡೆದಿತ್ತು.

ಆಗ ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. 1980ರ ಅಕ್ಟೋಬರಿನಲ್ಲಿ ಸೈನ್ಯ ಊರಿನ ಬಳಿ ಬೀಡುಬಿಟ್ಟಿತು. ಉಪದೇಶಿಗಳು ಒಬ್ಬೊಬ್ಬರಾಗಿ ಕಾಣೆಯಾದರು. ಹೆದರಿದ ಜನ ರಾತ್ರಿ ದೇವಾಲಯದಲ್ಲೇ ಮಲಗಿದರು. ಕೊಲ್ಲಬೇಕಾದವರ ಪಟ್ಟಿಯಲ್ಲಿ ತಮ್ಮ ಹೆಸರೂ ಇದೆಯೆಂದು ತಿಳಿದು ಫಾದರ್ ರೋಥರ್ 1981ರ ಜನವರಿಯಲ್ಲಿ ಒಕ್ಲಹೋಮಕ್ಕೆ ಹೋದರು. ಆದರೆ ಕುರಿಗಾಹಿ ಮಂದೆಯನ್ನು ಬಿಟ್ಟು ಓಡಬಾರದೆಂಬುದು ಅವರ ನಿಲುವು. ಪವಿತ್ರ ವಾರದ ಹೊತ್ತಿಗೆ ಮರಳಿ ಬಂದರು. ಜುಲೈ 28ರ ನಡುರಾತ್ರಿ ಮುಸುಕುಧಾರಿಗಳು ಗುರುನಿವಾಸಕ್ಕೆ ನುಗ್ಗಿ ಅವರನ್ನು ಗುಂಡಿಟ್ಟು ಕೊಂದರು. ದೇಹವನ್ನು ತವರಿಗೆ ಕಳುಹಿಸಲಾಯಿತು; ಹೃದಯವನ್ನು ಮಾತ್ರ ಜನ ತಮ್ಮ ದೇವಾಲಯದಲ್ಲೇ ಉಳಿಸಿಕೊಂಡರು. 2017ರ ಸೆಪ್ಟೆಂಬರ್ 23ರಂದು ಧರ್ಮಸಭೆ ಅವರನ್ನು ರಕ್ತಸಾಕ್ಷಿಯೆಂದು ಪುನೀತ ಪದವಿಗೇರಿಸಿತು.

2005ರ ಅಕ್ಟೋಬರಿನಲ್ಲಿ ಬಿರುಗಾಳಿ ಮಳೆಗೆ ಗುಡ್ಡ ಕುಸಿದು, ಪಕ್ಕದ ಪನಬಾಹ್ ಬಡಾವಣೆಯೊಂದಿಗೆ ಅಲ್ಲಿನ ಆಸ್ಪತ್ರೆಯೂ ಕೆಸರಿನ ಪಾಲಾಯಿತು. ಆ ಆಸ್ಪತ್ರೆ ಒಕ್ಲಹೋಮ ತಂಡದ ಕೊಡುಗೆ. ಊರಿನವರು ಕೈಚೆಲ್ಲಿ ಕೂರಲಿಲ್ಲ. ಹೊರಗಿನ ಸ್ವಯಂಸೇವಕರ ಜೊತೆ ನಿಂತು ಮತ್ತೆ ಆಸ್ಪತ್ರೆ ಕಟ್ಟಿದರು.

ಪ್ರಿಯರೇ, ಗೋಡೆ ಮತ್ತೆ ಬೀಳಬಹುದು, ಯಂತ್ರ ಮತ್ತೆ ಕೆಡಬಹುದು. ಬಡವರ ಮನೆಯ ಸೂರು ಸರಿಪಡಿಸಲು ನಾವು ಹೊರಟಾಗ ಮೊದಲು ಅವರ ಮಾತನ್ನು ಕೇಳೋಣ, ಕೆಲಸವನ್ನು ಅವರ ಕೈಗೂ ಕೊಡೋಣ, ಕಷ್ಟ ಬಂದಾಗ ಅವರ ಬಳಿಯೇ ಇರೋಣ. ಪ್ರಭುವಿಗೆ ಮೆಚ್ಚಿಕೆಯಾದ ಸೇವೆ ಅದೇ.

ಪುನೀತ ಸ್ಟ್ಯಾನ್ಲಿ ರೋಥರರೇ, ನಮಗಾಗಿ ಪ್ರಾರ್ಥಿಸಿರಿ.