ಹೊಕ್ಕುಳಬಳ್ಳಿ, ಕುರಿಮರಿ ಮತ್ತು ಸೂಲಗಿತ್ತಿಯ ತಿಳಿವು

ವಿಜ್ಞಾನದ ಚರಿತ್ರೆಯನ್ನು ಸಾಮಾನ್ಯವಾಗಿ ಗ್ರಂಥಕರ್ತರ ಹೆಸರುಗಳ ಮೂಲಕವೇ ಕಟ್ಟಲಾಗುತ್ತದೆ. ಆ ಗ್ರಂಥಗಳಿಗೆ ತಿಳಿವನ್ನು ಒದಗಿಸಿದ ಕೈಗಳು ಹೆಸರಿಲ್ಲದೆ ಉಳಿಯುತ್ತವೆ. ಗರ್ಭದಿಂದ ಹೊರಬಂದ ಎಳೆಯ ಜೀವಿಯ ರಕ್ತನಾಳಗಳು ಹೇಗೆ ಮಾರ್ಪಡುತ್ತವೆ ಎಂಬ ತಿಳಿವಿನ ಚರಿತ್ರೆಯು ಇದಕ್ಕೊಂದು ನಿದರ್ಶನ.

ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದಿರುವ ‘ಪ್ರಾಣಿಗಳ ಇತಿಹಾಸ’ದಲ್ಲಿ ಸೂಲಗಿತ್ತಿಯರ ಪ್ರಸ್ತಾಪವಿದೆ. ಸತ್ತಂತೆ ಕಾಣುವ ನಿಶ್ಶಕ್ತ ಶಿಶುವಿನ ಹೊಕ್ಕುಳಬಳ್ಳಿಯನ್ನು ಹಿಂಡಿ, ಅದರೊಳಗಿನ ರಕ್ತವನ್ನು ಮರಳಿ ಮೈಗೆ ಹರಿಸಿ, ಮಗುವನ್ನು ಚೇತರಿಸುತ್ತಿದ್ದ ನುರಿತ ಹೆಂಗಸರು ಅವರು. ಅವರ ಹೆಸರುಗಳನ್ನು ಗ್ರಂಥವು ದಾಖಲಿಸಿಲ್ಲ.

ಕ್ರಿ.ಶ. ಎರಡನೆಯ ಶತಮಾನದ ಗೇಲನ್, ಭ್ರೂಣದ ಶ್ವಾಸಕೋಶದ ಅಪಧಮನಿಯನ್ನು ಮಹಾಪಧಮನಿಗೆ ಜೋಡಿಸುವ ನಾಳವೊಂದು ಹುಟ್ಟಿದ ಬಳಿಕ ಬತ್ತಿಹೋಗುವುದನ್ನು ಬಲ್ಲವನಾಗಿದ್ದನು. 1628ರಲ್ಲಿ ರಕ್ತಪರಿಚಲನೆಯನ್ನು ನಿರೂಪಿಸಿದ ವಿಲಿಯಂ ಹಾರ್ವೆ, 1651ರ ತನ್ನ ಕೃತಿಯಲ್ಲಿ ಮೂಲಭೂತ ಪ್ರಶ್ನೆಯೊಂದನ್ನೆತ್ತಿದನು: ಪೊರೆಯೊಳಗೆ ತಿಂಗಳುಗಟ್ಟಲೆ ಉಸಿರಾಡದೆ ಬದುಕುವ ಜೀವಿ, ಒಮ್ಮೆ ಉಸಿರೆಳೆದ ಮೇಲೆ ಗಾಳಿಯಿಲ್ಲದೆ ಅಲ್ಪಕಾಲವೂ ಬದುಕಲಾರದೇಕೆ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಬಹುಮಟ್ಟಿಗೆ ಕುರಿಮರಿಗಳಿಂದ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕೇಂಬ್ರಿಡ್ಜಿನ ಜೋಸೆಫ್ ಬಾರ್‌ಕ್ರಾಫ್ಟ್ ಅವರು ಕುರಿಯ ಭ್ರೂಣವನ್ನು ಅಭ್ಯಸಿಸಿದರು. ಆಕ್ಸ್‌ಫರ್ಡಿನ ಬಾರ್‌ಕ್ಲೇ, ಫ್ರಾಂಕ್ಲಿನ್ ಮತ್ತು ಪ್ರಿಚರ್ಡ್ ಅವರು ಎಕ್ಸ್‌ರೇ ಚಲನಚಿತ್ರಗಳ ಮೂಲಕ ಮರಿಯ ರಕ್ತದ ಹಾದಿಯನ್ನು ಹಿಂಬಾಲಿಸಿ, 1944ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಶ್ವಾಸಕೋಶಕ್ಕೆ ಗಾಳಿ ತುಂಬಿದೊಡನೆ ಅಲ್ಲಿನ ಬಿಗಿದ ರಕ್ತನಾಳಗಳು ಸಡಿಲಗೊಂಡು ರಕ್ತದ ಹರಿವು ಹೆಚ್ಚುವುದನ್ನು 1953ರಲ್ಲಿ ಜೆಫ್ರಿ ಡಾಸ್ ಮತ್ತು ಸಂಗಡಿಗರು ತೋರಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಗೇಲನ್ ಕಂಡಿದ್ದ ನಾಳವು ಆಮ್ಲಜನಕ ಹೆಚ್ಚಿದಂತೆ ಸಂಕುಚಿಸುತ್ತದೆ. ಒಂದೇ ಉಸಿರು ಒಂದು ನಾಳವನ್ನು ತೆರೆಯುತ್ತದೆ, ಇನ್ನೊಂದನ್ನು ಮುಚ್ಚಿಸುತ್ತದೆ. ಮುಂದಿನ ವಾರಗಳಲ್ಲಿ ಶ್ವಾಸಕೋಶದ ಕಿರು ಅಪಧಮನಿಗಳ ದಪ್ಪ ಸ್ನಾಯುಪದರ ತೆಳುವಾಗುತ್ತದೆ; ದೇಹದ ಇತರೆಡೆ ರಕ್ತದೊತ್ತಡ ಏರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಶೋಧಗಳು ನಡೆಯುತ್ತಿದ್ದ ಕಾಲದಲ್ಲಿಯೇ ಆಸ್ಪತ್ರೆಗಳಲ್ಲಿ ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಪದ್ಧತಿ ವ್ಯಾಪಕವಾಯಿತು. ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾಯುವ ಸೂಲಗಿತ್ತಿಯರ ರೂಢಿಯು ಹಿಂದೆ ಸರಿಯಿತು. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅವಧಿಪೂರ್ವ ಕುರಿಮರಿಗಳಲ್ಲಿ ಕಂಡುಕೊಂಡ ಸಂಗತಿ ಬೇರೆಯೇ ಆಗಿತ್ತು. ಶ್ವಾಸಕೋಶದ ನಾಳಗಳು ತೆರೆಯುವ ಮೊದಲೇ ಬಳ್ಳಿ ಕತ್ತರಿಸಿದರೆ ಹೃದಯಕ್ಕೆ ಮರಳುವ ರಕ್ತ ಕುಗ್ಗುತ್ತದೆ. ಉಸಿರಾಟ ಆರಂಭವಾದ ಮೇಲೆ ಕತ್ತರಿಸಿದರೆ ರಕ್ತಪರಿಚಲನೆ ಸ್ಥಿರವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2014ರ ತನ್ನ ಮಾರ್ಗಸೂಚಿಯಲ್ಲಿ, ಒಂದು ನಿಮಿಷಕ್ಕಿಂತ ಮುಂಚೆ ಬಳ್ಳಿಯನ್ನು ಬಿಗಿಯದಿರುವುದನ್ನು ಶಿಫಾರಸು ಮಾಡಿತು.

ಹಾಗೆಂದು ಜನಪದ ತಿಳಿವೆಲ್ಲವೂ ಪ್ರಶ್ನಾತೀತವೆಂದು ಭಾವಿಸಬೇಕಾಗಿಲ್ಲ. ಗ್ರೀಕ್ ಸೂಲಗಿತ್ತಿಯರಂತೆ ಬಳ್ಳಿಯನ್ನು ಹಿಂಡುವುದರಿಂದ, ತೀರಾ ಅವಧಿಪೂರ್ವ ಶಿಶುಗಳಲ್ಲಿ ಮಿದುಳಿನ ತೀವ್ರ ರಕ್ತಸ್ರಾವ ಹೆಚ್ಚಾಗಿ ಕಂಡುಬಂದದ್ದನ್ನು 2019ರ ಅಧ್ಯಯನವೊಂದು ವರದಿ ಮಾಡಿತು. ಕಾಯುವ ರೂಢಿ ಪರೀಕ್ಷೆಯಲ್ಲಿ ಗೆದ್ದಿತು. ಹಿಂಡುವ ರೂಢಿ ಎಲ್ಲ ಶಿಶುಗಳಿಗೂ ಸಲ್ಲದೆಂದು ತಿಳಿಯಿತು. ಮೌಖಿಕ ಪರಂಪರೆಗೆ ಸಲ್ಲಬೇಕಾದ ಗೌರವವು ಇಂತಹ ಪರೀಕ್ಷೆಯೇ ಹೊರತು ಕುರುಡು ಆರಾಧನೆಯಲ್ಲ, ಉಪೇಕ್ಷೆಯೂ ಅಲ್ಲ. ಪರೀಕ್ಷಿಸುವ ಮೊದಲೇ ಕೈಬಿಟ್ಟ ರೂಢಿಯೊಂದನ್ನು ಮರಳಿ ಪಡೆಯಲು ಎಷ್ಟು ದಶಕಗಳು ಬೇಕಾದವೆಂಬುದನ್ನು ಈ ಚರಿತ್ರೆ ತಿಳಿಸುತ್ತದೆ.