ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್: ಓಣಿಯಲ್ಲಿ ಕೊಲೆಯಾದ ಗಿಟಾರಿಗನ ಕಥೆ (9 ಭಾಗಗಳಲ್ಲಿ)

1/9
ಇಂಟರ್ನಲ್ಸ್ ಮುಗೀತು, ಹಾಗಾಗಿ ಹಿಸ್ಟರಿ ಸರಣಿ ವಾಪಸ್. ಈ ಸಲ ರಾಜರೂ ಇಲ್ಲ, ಯುದ್ಧವೂ ಇಲ್ಲ. ಒಬ್ಬ ಗಿಟಾರಿಗ ಇದ್ದಾನೆ.

1962ರ ಅಕ್ಟೋಬರ್. ಅಮೆರಿಕದ ಇಂಡಿಯಾನಾಪೊಲಿಸ್ ಊರು. ಅಲ್ಲಿನ ಒಂದು ಓಣಿಯಲ್ಲಿ 59 ವರ್ಷದ ಒಬ್ಬನನ್ನು ಯಾರೋ ಅಡ್ಡಗಟ್ಟಿ, ದೋಚೋಕೆ ನೋಡಿ, ಗುಂಡು ಹಾರಿಸಿ ಕೊಂದುಬಿಟ್ಟರು. ಅವನ ಹೆಸರು ಫ್ರಾನ್ಸಿಸ್ ಹಿಲ್‌ಮನ್ ಬ್ಲ್ಯಾಕ್‌ವೆಲ್. ಊರಲ್ಲಿ ಎಲ್ಲರಿಗೂ ಅವನು 'ಸ್ಕ್ರ್ಯಾಪರ್'. ಅಂದರೆ ಜಗಳಗಂಟ! ಆ ಹೆಸರಿಟ್ಟಿದ್ದು ಅವನ ಅಜ್ಜಿ.

ಅವನ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಅವನ ಕೈಯಿಂದ ಬಂದ ಒಂದು ರಾಗ ನಿಮ್ಮ ಕಿವಿಗೆ ಬಿದ್ದಿರೋ ಸಾಧ್ಯತೆ ಜಾಸ್ತಿ. ಹೇಗೆ ಅಂತ 4ನೇ ಭಾಗದಲ್ಲಿ ಹೇಳ್ತೀನಿ. ಮೊದಲು ಅವನು ಬದುಕಿದ್ದು ನೋಡೋಣ, ಸತ್ತದ್ದು ಆಮೇಲೆ.

2/9
ಹುಟ್ಟಿದ್ದು 1903ರಲ್ಲಿ, ದಕ್ಷಿಣದ ಕ್ಯಾರೊಲೈನಾ ಸೀಮೆಯಲ್ಲಿ. ಮನೆ ತುಂಬ ಮಕ್ಕಳು, ಒಟ್ಟು ಹದಿನಾರು ಜನ. ಅಪ್ಪ ಪಿಟೀಲು ಬಾರಿಸ್ತಿದ್ದ. ಚಿಕ್ಕಂದಿನಲ್ಲೇ ಕುಟುಂಬ ಉತ್ತರಕ್ಕೆ, ಇಂಡಿಯಾನಾಪೊಲಿಸ್‌ಗೆ ಬಂತು. ಆ ದಶಕಗಳಲ್ಲಿ ದಕ್ಷಿಣದ ಲಕ್ಷಾಂತರ ಕಪ್ಪು ಜನ ಹೀಗೇ ಊರು ಬಿಟ್ಟು ಉತ್ತರದ ಕಾರ್ಖಾನೆ ಪಟ್ಟಣಗಳ ಕಡೆ ಹೊರಟಿದ್ದರು. ಒಂದು ಕಡೆ ಕೂಲಿಯ ಆಸೆ, ಇನ್ನೊಂದು ಕಡೆ ದಕ್ಷಿಣದ ಜನಾಂಗಭೇದದ ಕಾನೂನುಗಳ ಭಯ.

ಗಿಟಾರ್ ಕೊಳ್ಳೋಕೆ ದುಡ್ಡೆಲ್ಲಿ? ಹುಡುಗ ಸಿಗಾರ್ ಡಬ್ಬಿಗೆ ಮರದ ಹಿಡಿ ಹಾಕಿ, ತಂತಿ ಬಿಗಿದು ತಾನೇ ಒಂದು ಮಾಡ್ಕೊಂಡ. ಗುರು ಯಾರೂ ಇರಲಿಲ್ಲ. (ಆನ್‌ಲೈನ್‌ನಲ್ಲಿ ಗಿಟಾರ್ ಬುಕ್ ಮಾಡಿ, ಎರಡೇ ತಿಂಗಳಿಗೆ ಬೀರು ಮೇಲೆ ಇಟ್ಟವರು ಕೈ ಎತ್ತಿ. ನಾನು ಎತ್ತಿದ್ದೀನಿ.)

ದೊಡ್ಡವನಾದ ಮೇಲೆ ಅವನ ನಿಜವಾದ ಸಂಪಾದನೆ ಏನು ಗೊತ್ತಾ? ಕಳ್ಳಭಟ್ಟಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಸ್ಕ್ರ್ಯಾಪರ್ ಸಾರಾಯಿ ಕಾಯಿಸಿ ಮಾರ್ತಿದ್ದ. ಹಾಡು ಹವ್ಯಾಸ, ಭಟ್ಟಿ ಬಿಸಿನೆಸ್.

3/9
ಆ ಊರಲ್ಲಿ ಇಂಡಿಯಾನಾ ಅವೆನ್ಯೂ ಅಂತ ಒಂದು ರಸ್ತೆ. ಕಪ್ಪು ಜನರ ಅಂಗಡಿ, ಕ್ಲಬ್ಬು, ಕ್ಷೌರದಂಗಡಿ, ಪತ್ರಿಕೆ ಆಫೀಸು ಎಲ್ಲ ಅಲ್ಲೇ. ಕೂದಲಿನ ಔಷಧ ಮಾರಿ ದೊಡ್ಡ ಉದ್ಯಮಿಯಾದ ಮೇಡಂ ಸಿ. ಜೆ. ವಾಕರ್ ಹೆಸರಿನ ಕಟ್ಟಡ, ಥಿಯೇಟರ್ ಸಮೇತ, 1927ರಲ್ಲಿ ಶುರುವಾಗಿದ್ದೂ ಅಲ್ಲೇ. ಕಾಮರ್ಸ್‌ನವರೇ, ವಾಕರ್ ಬಗ್ಗೆ ಬೇರೆ ಸರಣಿ ಬರುತ್ತೆ.

ಅದೇ ಊರಲ್ಲಿ ಸ್ಕ್ರ್ಯಾಪರ್‌ಗೆ ಸಿಕ್ಕಿದವನು ಪಿಯಾನೊ ನುಡಿಸೋ ಲೀರಾಯ್ ಕಾರ್. ಇಬ್ಬರೂ ತದ್ವಿರುದ್ಧ. ಲೀರಾಯ್‌ದು ಮೃದು ದನಿ, ಎಲ್ಲರ ಜೊತೆ ಬೆರೆಯೋ ಸ್ವಭಾವ. ಸ್ಕ್ರ್ಯಾಪರ್ ಒಳಗೊಳಗೇ ಇರೋನು, ಅವನ ಜೊತೆ ಕೆಲಸ ಮಾಡೋದು ಕಷ್ಟ ಅನ್ನೋ ಹೆಸರು ಬೇರೆ. ಆದರೆ ಜೊತೆಗೆ ಕೂತರೆ ಮಾತ್ರ ಹಾಲು ಸಕ್ಕರೆ ಬೆರೆತ ಹಾಗೆ.

1928ರ ಜೂನ್ 19ರಂದು ವೊಕ್ಯಾಲಿಯನ್ ಕಂಪನಿ ಅದೇ ಊರಲ್ಲಿ ಅವರ 'ಹೌ ಲಾಂಗ್, ಹೌ ಲಾಂಗ್ ಬ್ಲೂಸ್' ರೆಕಾರ್ಡ್ ಮಾಡ್ತು. ಅದು ಆ ಕಾಲದ ಭಾರೀ ಹಿಟ್.

4/9
ಆ ಹಾಡಲ್ಲಿ ಏನಿತ್ತು ಅಷ್ಟೊಂದು? ಅಲ್ಲಿವರೆಗೆ ರೆಕಾರ್ಡ್ ಆದ ಹಳ್ಳಿಗಾಡಿನ ಬ್ಲೂಸ್ ಅಂದರೆ ಹೆಚ್ಚಾಗಿ ಒಬ್ಬ ಮನುಷ್ಯ, ಒಂದು ಗಿಟಾರ್, ಜೋರು ಗಂಟಲು. ಇವರದು ಪಟ್ಟಣದ ಬ್ಲೂಸ್. ಪಕ್ಕದಲ್ಲಿ ಕೂತು ಗುಟ್ಟು ಹೇಳಿದ ಹಾಗೆ. ಆಗ ಎಲೆಕ್ಟ್ರಿಕ್ ಗಿಟಾರ್ ಬಳಕೆಗೆ ಬಂದಿರಲಿಲ್ಲ. ಪಿಯಾನೊ ಸದ್ದಿನಲ್ಲಿ ಸಾಮಾನ್ಯ ಗಿಟಾರ್ ಮುಳುಗಿಹೋಗುತ್ತೆ. ಸ್ಕ್ರ್ಯಾಪರ್ ಏನು ಮಾಡಿದ? ಬರೀ ಕಾರ್ಡ್ಸ್ ಬಾರಿಸೋ ಬದಲು ಒಂದೊಂದೇ ಸ್ವರವನ್ನು ಬೆರಳಲ್ಲಿ ಎಳೆದು ಚಟ್ ಅಂತ ಬಿಟ್ಟ. ಲೀರಾಯ್ ಒಂದು ಸಾಲು ಹಾಡಿ ನಿಲ್ಲಿಸ್ತಾನೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತೆ. ಮುಂದೆ ಎಲೆಕ್ಟ್ರಿಕ್ ಗಿಟಾರ್‌ನವರು ಮಾಡಿದ್ದರ ಬೀಜ ಇಲ್ಲಿದೆ.

ಈಗ ಹೇಳಿದ್ನಲ್ಲ, ನೀವು ಕೇಳಿರೋ ರಾಗ. 1928ರಲ್ಲೇ ಸ್ಕ್ರ್ಯಾಪರ್ ಒಬ್ಬನೇ 'ಕೊಕೊಮೊ ಬ್ಲೂಸ್' ಹಾಡಿದ. ಕೊಕೊಮೊ ಅವರ ಊರಿನ ಉತ್ತರಕ್ಕಿರೋ ಒಂದು ಪಟ್ಟಣ. 1934ರಲ್ಲಿ ಕೊಕೊಮೊ ಆರ್ನಾಲ್ಡ್ ಅದನ್ನು ತನ್ನ ರೀತಿ ಹಾಡಿದ. 1936ರಲ್ಲಿ ರಾಬರ್ಟ್ ಜಾನ್ಸನ್ ಅದರ ಮೇಲೆ 'ಸ್ವೀಟ್ ಹೋಮ್ ಶಿಕಾಗೊ' ಕಟ್ಟಿದ. 2012ರಲ್ಲಿ ವೈಟ್ ಹೌಸ್‌ನಲ್ಲಿ ಬಿ. ಬಿ. ಕಿಂಗ್ ಮುಂತಾದವರ ಜೊತೆ ಅಧ್ಯಕ್ಷ ಒಬಾಮಾ ಎರಡು ಸಾಲು ಗುನುಗಿದ್ದು ಅದೇ ಹಾಡು. ಕಳ್ಳಭಟ್ಟಿಯವನ ಹಾಡು ಎಲ್ಲಿವರೆಗೆ ಹೋಯ್ತು ನೋಡಿ.

5/9
ಒಂದು ಸಣ್ಣ ವಿರಾಮ. ಆ ಕಾಲದ ತಟ್ಟೆಗಳನ್ನು (78 ಆರ್‌ಪಿಎಂ, ಒಂದು ಬದಿಗೆ ಹೆಚ್ಚುಕಮ್ಮಿ ಮೂರು ನಿಮಿಷ) ಮಾಡ್ತಿದ್ದದ್ದು ಶೆಲ್ಯಾಕ್‌ನಿಂದ. ಶೆಲ್ಯಾಕ್ ಅಂದರೆ ನಮ್ಮ ಅರಗು! ಪಾಂಡವರನ್ನು ಸುಡೋಕೆ ಕೌರವರು ಕಟ್ಟಿಸಿದ ಅರಗಿನ ಮನೆ ನೆನಪಿದೆಯಲ್ಲ, ಅದೇ ಅರಗು. ಜಗತ್ತಿಗೆ ಆಗ ಅದರ ಬಹುಪಾಲು ಹೋಗ್ತಿದ್ದದ್ದು ಭಾರತದಿಂದ. ನಮ್ಮ ಕಾಡಿನ ಮರದ ಹುಳ ಸ್ರವಿಸಿದ ಅಂಟು, ಹಡಗು ಹತ್ತಿ ಹೋಗಿ, ಇಂಥ ತಟ್ಟೆಗಳಾಗ್ತಿತ್ತು.

ಈಗ ಲೆಕ್ಕದ ವಿಷಯ. ಹಾಡು ಓಡ್ತಿತ್ತು, ಹೆಸರು ಮಾತ್ರ ಲೀರಾಯ್‌ದೇ. ಗಿಟಾರ್ ನುಡಿಸಿದವನಿಗೆ ಕಾಂಟ್ರ್ಯಾಕ್ಟಿನಲ್ಲೂ ಸಮಪಾಲಿಲ್ಲ, ರಚನೆಯ ಹೆಸರಿನಲ್ಲೂ ಇಲ್ಲ. ಸ್ಕ್ರ್ಯಾಪರ್‌ಗೆ ಇದು ಕೊರೀತಿತ್ತು. ಕೊನೆಗೆ ಕಂಪನಿಯವರು ಸರಿ ಮಾಡಿದರು. ಆದರೆ ಒಂದು ಸಲ ಮನಸ್ಸಿಗೆ ಬಿದ್ದ ಗೀರು ಲೆಡ್ಜರ್‌ನಲ್ಲಿ ಎಂಟ್ರಿ ಸರಿಮಾಡಿದ ತಕ್ಷಣ ಹೋಗಲ್ಲ.

6/9
1935ರ ಫೆಬ್ರವರಿ. ಬ್ಲೂಬರ್ಡ್ ಕಂಪನಿಗೆ ಇಬ್ಬರೂ ರೆಕಾರ್ಡಿಂಗ್‌ಗೆ ಹೋದರು. ಏಳು ವರ್ಷದ ಜೊತೆ. ಅಲ್ಲಿ ದುಡ್ಡಿನ ವಿಷಯಕ್ಕೆ ಜಗಳ ಹತ್ತಿತು. ಕೆಲಸ ಅರ್ಧಕ್ಕೇ ನಿಂತಿತು, ಮನಸ್ಸು ಕೆಡಿಸಿಕೊಂಡು ಬೇರೆಯಾದರು.

ಎರಡು ತಿಂಗಳಾದ ಮೇಲೆ ಸ್ಕ್ರ್ಯಾಪರ್‌ಗೆ ಒಂದು ಫೋನ್ ಬಂತು. ಲೀರಾಯ್ ಇಲ್ಲ. ಏಪ್ರಿಲ್ 29, ವಯಸ್ಸು ಬರೀ 30. ಕುಡಿತ, ಮೂತ್ರಪಿಂಡದ ಕಾಯಿಲೆ.

ಅಷ್ಟೇ. ಮಾತಾಡಿ ಸರಿಮಾಡ್ಕೊಳ್ಳೋಕೆ ಇನ್ನೊಂದು ದಿನ ಸಿಗಲಿಲ್ಲ.

ಸ್ಕ್ರ್ಯಾಪರ್ ಹಳೇ ಗೆಳೆಯನಿಗಾಗಿ 'ಮೈ ಓಲ್ಡ್ ಪಾಲ್ ಬ್ಲೂಸ್' ಅಂತ ಒಂದು ಹಾಡು ರೆಕಾರ್ಡ್ ಮಾಡಿದ. ಆಮೇಲೆ ರೆಕಾರ್ಡಿಂಗ್ ಲೋಕವನ್ನೇ ಬಿಟ್ಟ. ಡಾಂಬರು ಮಾಡೋ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಹೊಸ ತಟ್ಟೆ ಒಂದೂ ಬರಲಿಲ್ಲ.

7/9
1950ರ ದಶಕದ ಕೊನೆಗೆ ಹಳೇ ಬ್ಲೂಸ್ ಹುಚ್ಚಿನ ಕೆಲವರು ಅವನ ಮನೆ ಬಾಗಿಲಿಗೆ ಬಂದರು. ಪುಸ್ತಕಗಳಲ್ಲಿ ಇದನ್ನು 'ಮರುಶೋಧನೆ' ಅಂತ ಬರೀತಾರೆ. ನನಗೆ ಆ ಪದದ ಮೇಲೆ ಸ್ವಲ್ಪ ಸಿಟ್ಟು. ಅವನೇನು ಕಾಣೆಯಾಗಿದ್ನಾ? ಅದೇ ಊರಲ್ಲಿ ಕೂಲಿ ಮಾಡ್ಕೊಂಡು ಇದ್ದ. ಅಕ್ಕಪಕ್ಕದವರಿಗೆ ಗೊತ್ತಿತ್ತು. ನೋಡದೇ ಇದ್ದದ್ದು ಹೊರಗಿನವರು.

ಹೀಗೆ ಬಂದವರಲ್ಲಿ ಆ ಊರಲ್ಲೇ ಬೆಳೆದ ಆರ್ಟ್ ರೋಸೆನ್‌ಬಾಮ್ ಒಬ್ಬ. ಆಗ ಅವನಿಗೆ ಇಪ್ಪತ್ತರ ಆಸುಪಾಸು. ನಮ್ಮದೇ ವಯಸ್ಸು! 1961ರಲ್ಲಿ ಅವನು ಸ್ಕ್ರ್ಯಾಪರ್ ಕೈಲಿ ಹಾಡಿಸಿ ರೆಕಾರ್ಡ್ ಮಾಡಿದ. ಬ್ಲೂಸ್‌ವಿಲ್ ಕಂಪನಿ ಅದನ್ನು 'ಮಿಸ್ಟರ್ ಸ್ಕ್ರ್ಯಾಪರ್ಸ್ ಬ್ಲೂಸ್' ಅಂತ ಹೊರತಂದಿತು. ಲೀರಾಯ್ ಜಾಗದಲ್ಲಿ ಯಾರೂ ಇಲ್ಲ. ಅವನು, ಗಿಟಾರ್, ದಪ್ಪಗಾದ ದನಿ. ಹುಡುಕಿ ಕೇಳಿ. ಬೆರಳಿನ ಚಟ್ ಮಾತ್ರ ಹಾಗೇ ಇದೆ.

ರೋಸೆನ್‌ಬಾಮ್ ಮುಂದೆ ಚಿತ್ರಕಾರನಾದ, ಪ್ರೊಫೆಸರಾದ, ಜನಪದ ಹಾಡು ದಾಖಲಿಸಿದ ಕೆಲಸಕ್ಕೆ ಗ್ರ್ಯಾಮಿಯೂ ಬಂತು. ಅಂಥವನು ತನ್ನೂರಿನ ಒಬ್ಬ ಕೂಲಿಯವನ ಎದುರು ಕೂತು ಕೇಳಿದ್ದ.

8/9
ಎರಡನೇ ಸಲ ಬಾಗಿಲು ತೆರೀತಿತ್ತು. ಅಷ್ಟರಲ್ಲೇ ಆ ಓಣಿ, ಆ ಗುಂಡು.

ಪೊಲೀಸರು 75 ವರ್ಷದ ಒಬ್ಬ ನೆರೆಯವನನ್ನು ಹಿಡಿದರು. ಆದರೆ ಕೊಂದವರು ಯಾರು ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ. ಸ್ಕ್ರ್ಯಾಪರ್‌ನನ್ನು ಅದೇ ಊರಿನ ನ್ಯೂ ಕ್ರೌನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಮುಂದಿನ ವರ್ಷಗಳಲ್ಲಿ ಬ್ಲೂಸ್‌ಗೆ ದೊಡ್ಡ ಅಲೆ ಬಂತು. ಅವನ ಕಾಲದ ಸನ್ ಹೌಸ್, ಮಿಸಿಸಿಪ್ಪಿ ಜಾನ್ ಹರ್ಟ್ ಅಂಥವರು ಸಾವಿರಾರು ಕಾಲೇಜು ಹುಡುಗರ ಮುಂದೆ ವೇದಿಕೆ ಹತ್ತಿದರು. ಸ್ಕ್ರ್ಯಾಪರ್‌ಗೆ ಬೇಕಾಗಿದ್ದದ್ದು ಇನ್ನೊಂದೆರಡು ವರ್ಷ. 1994ರಲ್ಲಿ ಎರಿಕ್ ಕ್ಲ್ಯಾಪ್ಟನ್ ತನ್ನ 'ಫ್ರಮ್ ದ ಕ್ರೇಡಲ್' ಆಲ್ಬಮ್ ಶುರು ಮಾಡಿದ್ದೇ ಈ ಜೋಡಿಯ 'ಬ್ಲೂಸ್ ಬಿಫೋರ್ ಸನ್‌ರೈಸ್'ನಿಂದ.

ಆ ರಸ್ತೆ? ಹೆದ್ದಾರಿ ಬಂತು, ವಿಶ್ವವಿದ್ಯಾಲಯದ ಕ್ಯಾಂಪಸ್ ಬಂತು, ಸುತ್ತಲಿನ ಮನೆಗಳು ನೆಲಸಮವಾದವು. ವಾಕರ್ ಕಟ್ಟಡ ಇನ್ನೂ ನಿಂತಿದೆ.

ಇದನ್ನು ಬರೆಯುವಾಗ ನನಗೆ ಒಂದು ಅನ್ನಿಸ್ತು. ಕೊಲೆಯಾದವರ ಕಥೆಯನ್ನು ನಾವು ಕೊಲೆಯಿಂದಲೇ ಶುರು ಮಾಡ್ತೀವಿ. ನಾನೂ ಅದೇ ಮಾಡಿದೆ, ನೀವು ಸ್ವೈಪ್ ಮಾಡಲಿ ಅಂತ. ತಪ್ಪು ನಂದೇ. ಗುಂಡು ಹಾರಿಸಿದ್ದು ಒಂದು ಕ್ಷಣ, ಬಾರಿಸಿದ್ದು ಒಂದು ಆಯುಷ್ಯ. ಯಾರಿಗಾದರೂ ಈ ಕಥೆ ಹೇಳಿದರೆ 2ನೇ ಭಾಗದಿಂದ ಶುರು ಮಾಡಿ. ಸಿಗಾರ್ ಡಬ್ಬಿಯಿಂದ.

9/9
ಕೊನೆಯದು, ಸ್ವಲ್ಪ ಪರ್ಸನಲ್.

ನಾನೂ ಗಿಟಾರ್ ನುಡಿಸ್ತೀನಿ, ನನ್ನ ಒಬ್ಬ ಗೆಳೆಯ ಕೀಬೋರ್ಡ್. ಕ್ಲಾಸ್‌ನವರಿಗೆ ಯಾರು ಅಂತ ಗೊತ್ತಿದೆ, ಕಾಮೆಂಟ್‌ನಲ್ಲಿ ಹೆಸರು ಹಾಕಬೇಡಿ. ಒಂದು ರಿಸೆಪ್ಷನ್‌ಗೆ ನುಡಿಸಿದ್ವಿ. 7,500 ರೂಪಾಯಿ ಬಂತು, ಮೂರು ಜನ. ಕೆಲಸ ತಂದವನು ಅವನು, ಕೀಬೋರ್ಡ್ ಅವನದು, ಪೆಟ್ರೋಲ್ ಅವನದು. 1,000 ಜಾಸ್ತಿ ಕೇಳಿದ. ನಾನು 'ಸಮಪಾಲು ಅಂದ್ರೆ ಸಮಪಾಲು' ಅಂದೆ. ಬಿಕಾಂ ಓದೋ ನನಗೆ ಡಿಪ್ರಿಸಿಯೇಷನ್ ಪ್ರಾಬ್ಲಮ್‌ನಲ್ಲಿ ಪೂರ್ತಿ ಮಾರ್ಕ್ಸ್ ಬರುತ್ತೆ, ಅವನ ಕೀಬೋರ್ಡ್ ಸವೆದದ್ದು ಮಾತ್ರ ಕಾಣಲಿಲ್ಲ. ನಾಲ್ಕು ತಿಂಗಳಾಯ್ತು, ಮಾತಿಲ್ಲ. ಅವನು ಕಿಟಕಿ ಕಡೆ ಬೆಂಚು, ನಾನು ಬಾಗಿಲ ಕಡೆ.

6ನೇ ಭಾಗ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಣೋ, ಇದನ್ನು ನೀನು ಓದ್ತೀಯ ಅಂತ ಗೊತ್ತು, ಸ್ಟೋರಿ ದಿನಾ ನೋಡ್ತೀಯಲ್ಲ. 1,000 ಎತ್ತಿಟ್ಟಿದ್ದೀನಿ. ನಾಳೆ ಕೊನೆ ಪೀರಿಯಡ್ ಆದ ಮೇಲೆ ಕ್ಯಾಂಟೀನ್ ಹಿಂದೆ ಇರ್ತೀನಿ. ಮಾತು ಬೇಡ ಅನ್ನಿಸಿದರೂ ಬಾ. ಟೀ ಕುಡಿಯೋಣ.

ಉಳಿದವರು ಸೇವ್ ಮಾಡ್ಕೊಳ್ಳಿ. ಮತ್ತೆ, ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರಿಗೇ ಶೇರ್ ಮಾಡಿ.